ನಮ್ಮ ಮನೆಯವರು ಸಾಕ್ಷಿ ಹೇಳಿದ ವರ್ಷ

ಹೋದ ತಿಂಗಳು ಹರಪನಹಳ್ಳಿಯಲ್ಲಿ ಪರಿಚಯದವರೊಬ್ಬರ ಮೊಮ್ಮಗುವಿಗೆ ಚರ್ಚಿನಲ್ಲಿ ಹೆಸರಿಡುವ ದೀಕ್ಷಾಸ್ನಾನವಿತ್ತು. ಊಟಕ್ಕೆ ಕೂತಾಗ ಶಾವಿಗೆ ಪಾಯಸ ಬಂತು. ಯಾರ ಕೈ ಜಾರಿತ್ತೋ ಏನೋ, ಏಲಕ್ಕಿ ಘಮ್ಮೆನ್ನುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕತ್ತು ತಾನಾಗಿ ಪಕ್ಕದಲ್ಲಿದ್ದ ನಮ್ಮ ಮನೆಯವರ ಕಡೆ ಹೊರಳಿತು. ಅವರು ಎಲೆಯಿಂದ ತಲೆ ಎತ್ತದೆ, “ಪಾಯಸದ್ದು” ಎಂದರು. ಎದುರು ಸಾಲಿನವರಿಗೆ ಇದೇನೂ ತಿಳಿಯಲಿಲ್ಲ. ತಿಳಿಯಬೇಕಾದರೆ ಅವರು ಆ ವರ್ಷ ಕೊಟ್ಟೂರಿನ ನಮ್ಮ ಮನೆಯಲ್ಲಿ ಇರಬೇಕಾಗಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸದು. ನಮ್ಮ ಮನೆಯವರು, ಅಂತೋಣಿ, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ನಾನು ಪ್ರೈಮರಿ ಶಾಲೆಯ ಟೀಚರ್. ಮಗಳು ಸೆಲಿನ್ ಆರನೇ ತರಗತಿ ಓದುತ್ತಿದ್ದಳು. ಅವರು ಸಂಜೆ ಕಂಬದಿಂದ ಇಳಿದರೆ ನೆಟ್ಟಗೆ ಸಾರಾಯಿ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿಂದ ಮನೆಗೆ ಬರುವಾಗ ಬಾಯಿಗೆ ಎರಡು ಏಲಕ್ಕಿ. ಏಲಕ್ಕಿ ಜಗಿದರೆ ಹೆಂಡತಿಗೆ ತಿಳಿಯುವುದಿಲ್ಲವೆಂದು ಅವರಿಗೆ ಯಾವ ಪುಣ್ಯಾತ್ಮ ಹೇಳಿಕೊಟ್ಟಿದ್ದನೋ! ನನ್ನ ಪಾಲಿಗೆ ಏಲಕ್ಕಿ ಎಂದರೆ ಸಾರಾಯಿ ಎಂದೇ ಆಗಿಹೋಗಿತ್ತು. ಹಬ್ಬದ ಪಾಯಸಕ್ಕೂ ಹಾಕುವುದನ್ನು ಬಿಟ್ಟಿದ್ದೆ.

ಆದರೆ ಒಂದು ಮಾತು ಹೇಳಲೇಬೇಕು. ಕುಡಿದು ಬಂದು ಗಲಾಟೆ ಮಾಡುವ ಪೈಕಿಯಲ್ಲ ಅವರು. ಪಡಸಾಲೆಯ ಮೂಲೆಯಲ್ಲಿ ಕೂತು ತಮ್ಮಷ್ಟಕ್ಕೆ ತಾವು ಅಳುತ್ತಿದ್ದರು. ಉಂಡರೆ ಉಂಡರು, ಇಲ್ಲವೆಂದರೆ ಕೂತಲ್ಲೇ ನಿದ್ದೆ. ನಾನು ಮೊದಮೊದಲು ಜಗಳವಾಡಿದೆ, ಆಮೇಲೆ ದಣಿದು ಮಾತೇ ನಿಲ್ಲಿಸಿದೆ. ತಟ್ಟೆ ಇಡುವುದು, ತಟ್ಟೆ ಎತ್ತುವುದು, ಅಷ್ಟೇ ಸಂಸಾರ. ಹೇಳುವುದಿದ್ದರೆ ಸೆಲಿನ್ ಕೈಯಲ್ಲಿ ಹೇಳಿಕಳಿಸುತ್ತಿದ್ದೆ. ನನಗಿದ್ದ ಹೆದರಿಕೆ ಒಂದೇ: ಮುಂಜಾನೆ ಈ ಮನುಷ್ಯ ನಡುಗುವ ಕೈಯಲ್ಲೇ ಕಂಬ ಹತ್ತುತ್ತಾರೆ. ಶಾಲೆಯಲ್ಲಿ ಪಾಠ ಮಾಡುವಾಗ ಯಾರಾದರೂ ಓಡಿಬಂದು ಬಾಗಿಲಲ್ಲಿ ನಿಂತರೆ ಎದೆ ಧಸಕ್ಕೆನ್ನುತ್ತಿತ್ತು.

ಕೊಟ್ಟೂರಿನಲ್ಲಿ ಆಗ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಸಿಸ್ಟರುಗಳು ಹೊಲಿಗೆ ಕಲಿಸುತ್ತಿದ್ದ ಹಾಲಿನಲ್ಲೇ, ಮಷೀನುಗಳನ್ನು ಗೋಡೆಗೆ ಸರಿಸಿ, ಭಾನುವಾರದ ಪೂಜೆ ನಡೆಯುತ್ತಿತ್ತು. ಗುರುಗಳು ಬೇರೆ ಊರಿನಿಂದ ಮೋಟರ್‌ಸೈಕಲ್ ಮೇಲೆ ಬಂದು ಹೋಗುತ್ತಿದ್ದರು. ಆ ಬೇಸಿಗೆಯಲ್ಲಿ ಸಿಸ್ಟರ್ ರೋಸಲಿನ್ ಒಂದು ಸುದ್ದಿ ತಂದರು. ಹಗರಿಬೊಮ್ಮನಹಳ್ಳಿಯ ಪ್ರಾರ್ಥನಾ ಕೂಟದವರು ನಮ್ಮಲ್ಲಿ ಏಳು ಭಾನುವಾರ ಸೆಮಿನಾರ್ ನಡೆಸುತ್ತಾರಂತೆ. ಪವಿತ್ರಾತ್ಮರಲ್ಲಿ ಹೊಸ ಜೀವನ ಹೇಗೆಂದು ವಾರಕ್ಕೊಂದು ಪ್ರವಚನ, ಹಾಡು, ಐದನೇ ವಾರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ. ನಡೆಸುವವರು ಬ್ರದರ್ ಸ್ಟೀಫನ್ ಎಂಬುವರು. ಗುರುಗಳಲ್ಲ, ಸಂಸಾರಸ್ಥರೇ. ಯಾವುದೋ ಫ್ಯಾಕ್ಟರಿ ಕೆಲಸ ಬಿಟ್ಟು ಪ್ರಾರ್ಥನೆಗೆ ನಿಂತವರು.

ಕೆಲಸ ಬಿಟ್ಟವರು ಎಂದ ಕೂಡಲೇ ನನಗೆ ಅನುಮಾನ ಬಂತು. ನಮ್ಮಪ್ಪ ಚರ್ಚಿನಲ್ಲಿ ಧರ್ಮಪಾಠ ಹೇಳಿಕೊಡುವ ಉಪದೇಶಿಯಾಗಿದ್ದವರು. ಮಂಡಿಯೂರಿ, ಕೈ ಜೋಡಿಸಿ, ತುಟಿ ಮಾತ್ರ ಅಲ್ಲಾಡುವ ಹಾಗೆ ಜಪಸರ ಹೇಳಬೇಕೆಂದು ಕಲಿಸಿದವರು. ಇಲ್ಲಿ ನೋಡಿದರೆ ಜಮಖಾನದ ಮೇಲೆ ಕೂತು ಚಪ್ಪಾಳೆ, ಢೋಲಕ್, ಕೈ ಮೇಲೆತ್ತಿ ಅಲ್ಲೆಲೂಯಾ. ಕೆಲವರ ಬಾಯಲ್ಲಿ ಯಾವ ಭಾಷೆಯೂ ಅಲ್ಲದ ಮಾತು ಹರಿಯುತ್ತಿತ್ತು. ಅದು ಪವಿತ್ರಾತ್ಮರು ಕೊಡುವ ಭಾಷೆ ಎಂದರು. ನಾನು ಕಣ್ಣು ಅರೆತೆರೆದು, ಇದರಲ್ಲಿ ತಮಿಳೆಷ್ಟು ತೆಲುಗೆಷ್ಟು ಎಂದು ಕಿವಿಗೊಟ್ಟು ಕೂರುತ್ತಿದ್ದೆ. ಬ್ರದರ್ ಅವರ ಅಂಗಿ ಪ್ರತಿ ವಾರವೂ ಗರಿಗರಿ ಇಸ್ತ್ರಿಯಾಗಿರುತ್ತಿತ್ತು. ಅದೂ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಪಕ್ಕದ ಮನೆಯ ಗೌರಮ್ಮ ಮಾತ್ರ ಹಾಡು ಕೇಳಿ ಖುಷಿಪಟ್ಟಿದ್ದರು. ನಿಮ್ಮದೂ ಈಗ ನಮ್ಮ ಭಜನಿ ಹಂಗಾ ಆತಲ್ರಿ ಟೀಚರ್ ಎಂದು ನಕ್ಕರು.

ನಮ್ಮ ಮನೆಯವರನ್ನು ಅಲ್ಲಿಗೆ ಕರೆತರಲು ಸಿಸ್ಟರ್ ಒಂದು ಉಪಾಯ ಮಾಡಿದರು. ಮೈಕ್ ಸೆಟ್ ಕೆಟ್ಟಿದೆ, ಸ್ವಲ್ಪ ಬಂದು ನೋಡಬೇಕು ಎಂದು ಹೇಳಿಕಳಿಸಿದರು. ಪ್ರಾರ್ಥನೆಗೆ ಕರೆದರೆ ಬಾರದ ಮನುಷ್ಯ ರಿಪೇರಿಗೆ ಕರೆದರೆ ಓಡಿಬಂದರು. ಆ ಮೈಕಾದರೂ ಎಂಥದ್ದು, ಪ್ರತಿ ವಾರವೂ ಕೆಡುತ್ತಿತ್ತು. ಹೀಗಾಗಿ ನಾಲ್ಕು ಭಾನುವಾರ ಅವರು ಗೋಡೆಯ ಬದಿಯ ಆಂಪ್ಲಿಫೈಯರ್ ಪಕ್ಕದಲ್ಲಿ, ಕೈಯಲ್ಲಿ ಟೆಸ್ಟರ್ ಹಿಡಿದು, ನನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಮುಖ ಮಾಡಿಕೊಂಡು ಕೂತರು. ಐದನೇ ಭಾನುವಾರ ಮಧ್ಯಾಹ್ನ ಗಾಳಿ ಎದ್ದು ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಮೈಕ್ ನಿಂತಿತು. ಎಲ್ಲರೂ ಅವರ ಮುಖ ನೋಡಿದರು. ಮೇಲಿನ ಲೈನೇ ಹೋಗಿದ್ದರೆ ಅವರಾದರೂ ಏನು ಮಾಡಿಯಾರು? ಸೆಟ್ ಇಲ್ಲದ ಮೇಲೆ ಗೋಡೆ ಬದಿಗೆ ಕೂರಲು ನೆಪವೂ ಇರಲಿಲ್ಲ. ಎದ್ದು ಬಂದು ಹಿಂದಿನ ಸಾಲಿನಲ್ಲಿ ಕೂತರು.

ಅವತ್ತು ಕೈಯಿಟ್ಟು ಪ್ರಾರ್ಥಿಸುವ ದಿನ. ಬ್ರದರ್ ಒಬ್ಬೊಬ್ಬರ ತಲೆ ಮುಟ್ಟುತ್ತ ಹಿಂದಿನ ಸಾಲಿಗೂ ಬಂದರು. ನನ್ನ ತಲೆಯ ಮೇಲೂ ಕೈಯಿಟ್ಟರು. ಬೆವರಿದ ಕೈಯ ಭಾರ ಬಿಟ್ಟರೆ ನನಗೆ ಏನೂ ಆಗಲಿಲ್ಲ. ನಮ್ಮ ಮನೆಯವರ ತಲೆ ಮುಟ್ಟಿದ್ದೇ ತಡ, ಅವರು ಬಗ್ಗಿ ನೆಲಕ್ಕೆ ಹಣೆ ಹಚ್ಚಿ ಹೋ ಎಂದು ಅತ್ತರು. ಸುತ್ತಲಿನವರು ಅಲ್ಲೆಲೂಯಾ ಎಂದರು. ನಾನು ಬಾಗಿ ಅವರ ಬಾಯಿಯ ಹತ್ತಿರ ಮೂಗು ಒಯ್ದೆ. ಕುಡಿದಿರಲಿಲ್ಲ.

ಅವತ್ತಿನಿಂದ ಅವರು ಕುಡಿಯಲಿಲ್ಲ. ನಾನು ನಂಬಲಿಲ್ಲ. ಸೈಕಲ್ಲಿನ ಹಿಂದಿನ ಚೀಲ, ರಬ್ಬರ್ ಕೈಗವಸಿನ ಒಳಗು, ಜೋಳದ ಡಬ್ಬಿ, ಮಾಳಿಗೆಯ ನೀರಿನ ತೊಟ್ಟಿ, ಹಿಂದೆಲ್ಲ ಸಾರಾಯಿ ಪಾಕೀಟು ಸಿಕ್ಕಿದ ಜಾಗಗಳನ್ನೆಲ್ಲ ಹುಡುಕಿದೆ. ಒಗೆಯುವ ಮುಂಚೆ ಅಂಗಿ ಮೂಸಿದೆ. ಗೌರಮ್ಮನ ಗಂಡನ ಬೀಡಾ ಅಂಗಡಿ ಸಾರಾಯಿ ಅಂಗಡಿಯ ಎದುರಿಗೇ ಇತ್ತು, ಅವರನ್ನು ವಿಚಾರಿಸಿದೆ. ಅಂತೋಣಿ ಈ ಕಡೆ ಬಂದೇ ಇಲ್ಲವಲ್ರಿ, ಮೈಯಾಗ ಹುಷಾರಿಲ್ಲೇನು ಎಂದು ಅವರೇ ನನ್ನನ್ನು ಕೇಳಿದರು. ಸೆಮಿನಾರ್ ಮುಗಿದ ಮೇಲೆ ಶನಿವಾರ ಶನಿವಾರ ಹಗರಿಬೊಮ್ಮನಹಳ್ಳಿಗೆ ಕೂಟಕ್ಕೆಂದು ಹೋಗಲು ಶುರುಮಾಡಿದರು. ಓಹೋ, ಅಂಗಡಿ ಊರು ಬದಲಾಯಿಸಿದೆ ಎಂದುಕೊಂಡೆ. ಒಂದು ಶನಿವಾರ ಶಾಲೆ ಬಿಟ್ಟವಳೇ ಬಸ್ ಹತ್ತಿ ಹಿಂದೆಯೇ ಹೋದೆ. ಕಿಟಕಿಯಲ್ಲಿ ಇಣುಕಿದರೆ, ಮನೆಯಲ್ಲಿ ಕುಡಿದ ಲೋಟ ಎತ್ತಿಡದ ಮಹಾಶಯರು ಮಂಡಿಯೂರಿ ಜಮಖಾನ ಗುಡಿಸುತ್ತಿದ್ದರು. ಒಳಗೆ ಹೋಗದೆ ಮುಂದಿನ ಬಸ್ಸಿಗೆ ವಾಪಸ್ ಬಂದೆ. ನನ್ನ ಮೇಲೇ ನನಗೆ ಸಿಟ್ಟು ಬಂದಿತ್ತು.

ಕೂಟದಲ್ಲಿ ಸಾಕ್ಷಿ ಹೇಳುವುದೆಂಬ ಪದ್ಧತಿ ಇದೆ. ದೇವರಿಂದ ಒಳಿತು ಕಂಡವರು ಎಲ್ಲರೆದುರು ಎದ್ದುನಿಂತು, ಮೊದಲು ಹೀಗಿದ್ದೆ, ಈಗ ಹೀಗಾದೆ ಎಂದು ಹೇಳಬೇಕು. ನಮ್ಮ ಮನೆಯವರು ಕೊಟ್ಟೂರಿನಲ್ಲಿ ಮೊದಲ ಸಲ ಹೇಳಿದ್ದು ನಾಲ್ಕೇ ಮಾತು. ಕುಡಿಯುತ್ತಿದ್ದೆ, ಮನೆಯವರಿಗೆ ಕಷ್ಟ ಕೊಟ್ಟೆ, ಈಗ ಬಿಟ್ಟಿದ್ದೇನೆ, ದೇವರಿಗೆ ಸ್ತೋತ್ರ. ಅದು ಸರಿಯಾಗಿಯೇ ಇತ್ತು. ಮಳೆಗಾಲ ಹಿಡಿದ ಮೇಲೆ ಬ್ರದರ್ ಇವರನ್ನು ಬೇರೆ ಊರುಗಳ ಸೆಮಿನಾರಿಗೂ ಕರೆದೊಯ್ಯತೊಡಗಿದರು. ಹಗರಿಬೊಮ್ಮನಹಳ್ಳಿಯ ಸಭೆಗೆ ಹೋಗಿ ಬಂದ ಸಿಸ್ಟರ್ ರೋಸಲಿನ್ ನನ್ನ ಕೈ ಹಿಡಿದು, ಪಾಪ ಟೀಚರ್, ಸ್ನಾನದ ತಾಮ್ರದ ಹಂಡೆಯನ್ನೂ ಮಾರಿ ಕುಡಿದಿದ್ದರಂತಲ್ಲ, ನೀವು ಒಂದು ದಿನವೂ ಹೇಳಲಿಲ್ಲ ಎಂದು ಕಣ್ಣೊರೆಸಿಕೊಂಡರು. ನಮ್ಮ ಹಂಡೆ ಅವತ್ತು ಬಚ್ಚಲ ಒಲೆಯ ಮೇಲೇ ಇತ್ತು. ಯಾರದೋ ಕಥೆಯನ್ನು ಸಿಸ್ಟರ್ ಇವರದೆಂದು ತಿಳಿದಿರಬೇಕು ಎಂದು ಸುಮ್ಮನಾದೆ.

ಹಡಗಲಿಯ ಸಭೆಗೆ ಸೆಲಿನ್‌ಳನ್ನೂ ಹಾಡಲು ಕರೆದುಕೊಂಡು ಹೋಗಿದ್ದರು. ಬಂದವಳು ಚೀಲ ಇಳಿಸಿ ಅಡುಗೆಮನೆಗೆ ಬಂದು ನಿಂತಳು.

“ಅಮ್ಮ, ಅಪ್ಪ ನಿನಗ ಹೊಡಿತಿದ್ರಾ? ನಾ ಯಾವಾಗೂ ನೋಡೇ ಇಲ್ಲಲ್ಲ.”

ಯಾರು ಹೇಳಿದರೆಂದು ಕೇಳಿದೆ. ಅಪ್ಪನೇ ಮೈಕಿನಲ್ಲಿ ಹೇಳಿದರಂತೆ. ಗಲ್ಲ ಬಾತುಕೊಳ್ಳುವ ಹಾಗೆ ಹೊಡೆದಿದ್ದೆ ಎಂದರಂತೆ. ಹೆಂಗಸರೆಲ್ಲ ಅತ್ತರಂತೆ. ಸಭೆ ಮುಗಿದ ಮೇಲೆ ಅವಳ ಜೊತೆಯ ಹುಡುಗಿಯರು ಅವಳ ತಟ್ಟೆಗೆ ತಮ್ಮ ಪಾಲಿನ ಬಾಳೆಹಣ್ಣು ಇಟ್ಟರಂತೆ. ನನ್ನ ಮೈ ಉರಿದುಹೋಯಿತು. ಕುಡುಕನ ಹೆಂಡತಿ ಎನ್ನಿಸಿಕೊಂಡಿದ್ದೆ, ಅದು ಇದ್ದದ್ದೇ. ಹೊಡೆಸಿಕೊಂಡವಳು ಎಂದು ಹಡಗಲಿಯವರು ಯಾಕೆ ಮರುಗಬೇಕು? ಶಾಲೆಯಲ್ಲಿ ನಾನು ಮಕ್ಕಳೆದುರು ನಿಂತು ನಾಳೆ ಯಾವ ಮುಖದಲ್ಲಿ ಗದರಿಸಲಿ?

ಅವರು ಕೈಕಾಲು ತೊಳೆದು ಬರುವುದನ್ನೇ ಕಾದಿದ್ದೆ. ತಿಂಗಳುಗಳ ಮೇಲೆ ನಾನಾಗಿ ಮಾತು ಎತ್ತಿದ್ದು ಅದೇ ಮೊದಲು.

“ಮಂದಿ ಮುಂದ ಏನೇನು ಹೇಳ್ಕಂತ ಹೊಂಟೀರಿ ನೀವು?”

“ನಿನಗ ಗೊತ್ತಿದ್ದದ್ದ ಐತಲ್ಲ. ಮತ್ತ ನನ್ನ ಬಾಯಿಂದ ಯಾಕ ಕೇಳತಿ?” ಎಂದರು. ತಲೆ ತಗ್ಗಿಸಿ ಹೊರಗೆ ಹೋದರು.

ಎಂಥ ಭಂಡತನ ಎಂದುಕೊಂಡೆ. ಯೋಚಿಸಿದಷ್ಟೂ ನನ್ನ ಅನುಮಾನ ಇಸ್ತ್ರಿ ಅಂಗಿಯ ಬ್ರದರ್ ಕಡೆಗೇ ಹರಿಯಿತು. ಬರೀ ಕುಡಿದು ಮಲಗುತ್ತಿದ್ದೆ ಎಂದರೆ ಯಾರು ಅಳುತ್ತಾರೆ? ಹೆಂಡತಿಗೆ ಹೊಡೆದೆ ಎಂದರೆ ಸಭೆ ಕರಗುತ್ತದೆ. ಪಾಪ ದೊಡ್ಡದಾದಷ್ಟೂ ಪವಾಡ ದೊಡ್ಡದು. ಇವರೇ ಹೇಳಿಕೊಟ್ಟು ಹೇಳಿಸುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಮುಂದಿನ ವಾರ ಬ್ರದರ್ ಕೊಟ್ಟೂರಿಗೆ ಬಂದಾಗ ಹಾಲಿನ ಮೆಟ್ಟಿಲ ಮೇಲೇ ನಿಲ್ಲಿಸಿ ಕೇಳಿದೆ. ಅವರು ಸಿಟ್ಟಾಗಲಿಲ್ಲ. ತಾವು ಯಾರಿಗೂ ಏನೂ ಹೇಳಿಕೊಡುವುದಿಲ್ಲ, ಎದ್ದು ನಿಂತವರನ್ನು ತಡೆಯುವುದೂ ಇಲ್ಲ ಎಂದರು. ಆಮೇಲೆ, ಬರುವ ಭಾನುವಾರ ಹರಪನಹಳ್ಳಿಯ ಸೆಮಿನಾರಿನ ಸಮಾರೋಪ ಇದೆ, ನೀವೇ ಬಂದು ಕೇಳಿ ಎಂದರು. ಸಿಕ್ಕಿಬಿದ್ದವರು ಹೀಗೇ ಮೆತ್ತಗೆ ಮಾತಾಡುತ್ತಾರೆ ಎಂದುಕೊಂಡು, ಹೋಗುವುದೆಂದೇ ನಿರ್ಧರಿಸಿದೆ.

ಹರಪನಹಳ್ಳಿಯ ದಾರಿಯ ಎರಡೂ ಬದಿ ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ಬಸ್ಸಿನಲ್ಲಿ ನಾವು ಬೇರೆ ಬೇರೆ ಸೀಟಿನಲ್ಲಿ ಕೂತೆವು. ಚರ್ಚಿನ ಪಕ್ಕದ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು, ಸುತ್ತಲ ಹಳ್ಳಿಗಳವರೂ ಸೇರಿ ತುಂಬ ಜನವಿದ್ದರು. ಕ್ರೈಸ್ತರಲ್ಲದವರೂ ಹಿಂದೆ ನಿಂತಿದ್ದರು. ಹಾಡು ಮುಗಿದ ಮೇಲೆ ನಮ್ಮ ಮನೆಯವರನ್ನು ಸಾಕ್ಷಿಗೆ ಕರೆದರು. ಹಂಡೆ ಬಂತು. ಹೊಡೆದದ್ದು ಬಂತು. ಆಮೇಲೆ ನಾನು ಕೇಳಿಯೇ ಇರದ ಮಾತು ಬಂತು. ತನ್ನ ಕಾಟ ತಾಳಲಾರದೆ ಹೆಂಡತಿ ಒಂದು ಮುಂಜಾನೆ ಮಗಳ ಕೈ ಹಿಡಿದು ಬಾವಿ ಬೀಳಲು ಹೋಗಿದ್ದಳು, ತಾನು ಕಣ್ಣಾರೆ ನೋಡಿದೆ ಎಂದು ಬಿಕ್ಕಿದರು. ನನ್ನ ಪಕ್ಕದ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಂದಿನ ಸಾಲಿನಿಂದ ಇಬ್ಬರು ಗಂಡಸರು ಎದ್ದು ಹೋಗಿ ವೇದಿಕೆಯ ಮುಂದೆ ಮಂಡಿಯೂರಿದರು. ಅವರ ಹೆಂಡಂದಿರು ಹಿಂದೆಯೇ ಓಡಿದರು.

ಆಗ ಬ್ರದರ್ ನನ್ನ ಕಡೆ ಕೈ ತೋರಿಸಿ, ಆ ತಾಯಿ ಇವತ್ತು ನಮ್ಮ ನಡುವೆಯೇ ಇದ್ದಾರೆ, ಎರಡು ಮಾತು ಹೇಳಲಿ ಎಂದರು. ಯಾರೋ ಮೈಕ್ ತಂದು ನನ್ನ ಕೈಗಿಟ್ಟರು. ಹೌದು ಎಂದರೆ ಈ ಊರಿನಿಂದ ಆ ಊರಿಗೆ ನಾನು ಬಾವಿಗೆ ಹೊರಟವಳಾಗಿ ಉಳಿಯುತ್ತೇನೆ, ಮಗಳೂ ಉಳಿಯುತ್ತಾಳೆ. ಸುಳ್ಳು ಎಂದರೆ ಇಷ್ಟು ಜನರೆದುರು ಇವರ ಮುಖ ಎಲ್ಲಿಗೆ ಹೋಗುತ್ತದೆ? ಅವಮಾನ ತಿಂದ ಮನುಷ್ಯ ಸಂಜೆ ಎಲ್ಲಿಗೆ ಹೋಗುತ್ತಾನೆಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಮರುದಿನ ಮತ್ತೆ ಕಂಬ. ಮಂಡಿಯೂರಿದ ಆ ಇಬ್ಬರೂ ತಿರುಗಿ ನನ್ನನ್ನೇ ನೋಡುತ್ತಿದ್ದರು.

“ನಮ್ಮ ಮನಿಯವರು ನನಗ ಒಂದು ದಿನಾನೂ ಹೊಡದಿಲ್ರಿ,” ಎಂದೆ. ನನ್ನ ದನಿ ಮೈಕಿನಲ್ಲಿ ಬೇರೆ ಯಾರದೋ ಎನ್ನಿಸಿತು. “ನಾನು ಬಾವಿಗೂ ಹೋಗಿಲ್ಲ. ಕುಡದು ಬಂದು ಮೂಲ್ಯಾಗ ಕುಂತು ಒಬ್ಬರ ಅಳ್ತಿದ್ರು. ನಾನು ಮಾತಾಡಸ್ತಿದ್ದಿಲ್ಲ. ಇದ್ದದ್ದು ಇಷ್ಟರಿ. ಈಗ ಕುಡಿಯಂಗಿಲ್ಲ, ಅದು ಮಾತ್ರ ಖರೇ. ನಾ ದಿನಾ ನೋಡೀನಿ.”

ಒಬ್ಬರೂ ಅಲ್ಲೆಲೂಯಾ ಎನ್ನಲಿಲ್ಲ. ಹಿಂದೆ ನಿಂತವರಲ್ಲಿ ಯಾರೋ ಕೆಮ್ಮಿದರು. ಬ್ರದರ್ ನನ್ನ ಕೈಯಿಂದ ಮೈಕ್ ತೆಗೆದುಕೊಂಡು ಹಾಡು ಶುರುಮಾಡಿದರು. ಢೋಲಕ್ಕಿನವನು ತಾಳ ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ನಮ್ಮ ಮನೆಯವರ ಕಡೆ ನೋಡಿದೆ. ಬೈಸಿಕೊಂಡವರ ಹಾಗಿರಲಿಲ್ಲ. ಲೆಕ್ಕ ತಪ್ಪಿದ ಹುಡುಗನ ಹಾಗೆ ನನ್ನನ್ನೇ ದಿಟ್ಟಿಸುತ್ತಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಬೇರೆ ಜಾಗವಿದ್ದರೂ ಅವರು ಬಂದು ನನ್ನ ಪಕ್ಕದಲ್ಲೇ ಕೂತರು. ಊರು ದಾಟಿದ ಮೇಲೆ ಕೇಳಿದರು.

“ಮಂದಿ ಮುಂದ ನನ್ನ ಮಾನ ಉಳಸಾಕ ಹಂಗಂದಿ ಅಲ್ಲ?”

“ಇಲ್ಲ. ಇದ್ದದ್ದ ಹೇಳೀನಿ.”

“ಹಂಡೆ ಎಲ್ಲಿ ಹೋಗಿತ್ತು ಮತ್ತ?”

“ಕಲಾಯಿಗೆ ಕೊಟ್ಟಿದ್ದೆ. ವಾರಕ್ಕ ಬಂತಲ್ಲ.”

“ನಾನು ಮಾರಿದ್ದನ್ನ ನೀ ರೊಕ್ಕ ಕೊಟ್ಟು ತಿರುಗಿ ತಂದೀ ಅಂತ ತಿಳಕಂಡಿದ್ದೆ.” ಆಮೇಲೆ ನನ್ನ ಮುಖದ ಕಡೆ ತಿರುಗಿದರು. “ನಿನ್ನ ಗಲ್ಲ ಬಾತಿತ್ತು. ನಾ ನೋಡೀನಿ.”

“ದವಡಿ ಹಲ್ಲು. ಸರ್ಕಾರಿ ದವಾಖಾನ್ಯಾಗ ಕೀಳಿಸಿಕೊಂಡು ಬಂದೆ.”

“ಬಾವಿ?”

“ನಳ ಬಂದಿದ್ದಿಲ್ಲ. ಕೊಡ ತುಂಬಾಕ ಹೋಗಿದ್ವಿ.”

ಅವರು ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿದರು. ನನಗೆ ಆಗ ತಿಳಿಯಿತು, ಇವರು ಸುಳ್ಳು ಹೇಳುತ್ತಿರಲಿಲ್ಲ. ಕುಡಿದ ರಾತ್ರಿಗಳು ಇವರ ತಲೆಯಲ್ಲಿ ಉಳಿದೇ ಇರಲಿಲ್ಲ. ಎದ್ದಾಗ ಹಂಡೆಯ ಜಾಗ ಖಾಲಿ. ಇನ್ನೊಂದು ಮುಂಜಾನೆ ಹೆಂಡತಿಯ ಗಲ್ಲ ಬಾತಿದೆ. ಮತ್ತೊಂದು ಮುಂಜಾನೆ ಮನೆ ಬಿಕೋ ಎನ್ನುತ್ತಿದೆ, ಹುಡುಕಿ ಹೊರಟರೆ ತಾಯಿ ಮಗಳು ಬಾವಿಯ ಕಟ್ಟೆಯ ಮೇಲಿದ್ದಾರೆ. ಕೇಳೋಣವೆಂದರೆ ನನ್ನ ಬಾಯಲ್ಲಿ ಮಾತಿಲ್ಲ. ಒಂದೊಂದನ್ನೂ ತಾನೇ ಮಾಡಿದ್ದೆಂದು ಜೋಡಿಸಿಕೊಂಡಿದ್ದರು. ನಾನು ಅವರ ಚೀಲ ಹುಡುಕುತ್ತಿದ್ದಾಗ ಅವರು ತಮ್ಮನ್ನೇ ಹುಡುಕುತ್ತಿದ್ದರು. ನನ್ನನ್ನು ಕೇಳಬಹುದಿತ್ತಲ್ಲ ಎಂದೆ.

“ಹೆಂಗ ಕೇಳ್ಲಿ? ಹೌದು ಅಂದಿದ್ರ?” ಎಂದರು. “ದಿನಾ ಮುಂಜಾನಿ ಕಂಬ ಹತ್ತೋ ಮುಂದ ಅದನ್ನ ನೆನಸ್ತೀನಿ. ಇನ್ನೊಮ್ಮೆ ಹಂಗ ಆಗಬಾರದು ಅಂತ. ಅದಕ್ಕ ಸಂಜಿಗೆ ಆ ಕಡಿ ಕಾಲು ಹೋಗಂಗಿಲ್ಲ.”

ನನಗೆ ಅಳು ಬಂತು. ಅದರ ಬೆನ್ನಿಗೇ ಗಾಬರಿಯಾಯಿತು. ಇಲ್ಲದ ಪಾಪದ ಹೆದರಿಕೆಯಿಂದ ಕುಡಿತ ಬಿಟ್ಟ ಮನುಷ್ಯನಿಗೆ, ಅದು ಇರಲೇ ಇಲ್ಲ ಎಂದು ನಾನೇ ಮೈಕಿನಲ್ಲಿ ಹೇಳಿ ಬಂದಿದ್ದೆ. ನಾಳೆ ಸಂಜೆ ಇವರನ್ನು ಯಾವುದು ತಡೆಯುತ್ತದೆ? ಬಸ್ ಕೊಟ್ಟೂರು ಮುಟ್ಟುವವರೆಗೂ ಅವರ ಅಂಗಿಯ ತೋಳನ್ನು ಹಿಡಿದೇ ಕೂತಿದ್ದೆ. ಇಳಿಯುವಾಗ ಅವರು ನಿಧಾನಕ್ಕೆ, ನೀನು ಒಳ್ಳೇಕಿ, ಅದಕ್ಕೇ ಹಂಗ ಹೇಳ್ತಿ ಎಂದರು. ನನ್ನ ಮಾತನ್ನು ಅವರು ನಂಬಿರಲಿಲ್ಲ.

ಆ ಭಾನುವಾರದ ನಂತರ ಅವರು ಸಾಕ್ಷಿ ಹೇಳಲು ಹೋಗಲಿಲ್ಲ. ಬ್ರದರ್ ಕರೆಯಲೂ ಇಲ್ಲ. ಮೈಕ್ ಸೆಟ್ ಕೆಟ್ಟರೆ ಮಾತ್ರ ಹೇಳಿಕಳಿಸುತ್ತಿದ್ದರು, ಇವರು ಹೋಗಿ ಸರಿಮಾಡಿ ಬರುತ್ತಿದ್ದರು. ಹರಪನಹಳ್ಳಿಯಲ್ಲಿ ಮಂಡಿಯೂರಿದ ಇಬ್ಬರಲ್ಲಿ ಒಬ್ಬ ಬಿಟ್ಟನಂತೆ, ಇನ್ನೊಬ್ಬನ ಸುದ್ದಿ ತಿಳಿಯಲಿಲ್ಲ. ಪವಿತ್ರಾತ್ಮರ ಕೆಲಸ ಯಾವುದು, ನನ್ನ ಹಲ್ಲುನೋವಿನ ಕೆಲಸ ಯಾವುದು ಎಂದು ನನಗೆ ಇವತ್ತಿಗೂ ಬಿಡಿಸಿ ಹೇಳಲು ಬರುವುದಿಲ್ಲ. ಅವರು ಕಂಬ ಹತ್ತುತ್ತಲೇ ಇದ್ದು, ಮೈಮೇಲೆ ಒಂದು ಗೀರೂ ಇಲ್ಲದೆ ರಿಟೈರ್ ಆದರು. ಸಾರಾಯಿಯ ಒಂದು ಹನಿಯನ್ನೂ ಮುಟ್ಟಲಿಲ್ಲ.

ಆದರೆ ಕೇಳುವುದನ್ನು ಬಿಟ್ಟಿಲ್ಲ. ರೊಟ್ಟಿ ಮುರಿಯುತ್ತ, ಬಾಗಿಲ ಚಿಲಕ ಹಾಕುತ್ತ, ಇದ್ದಕ್ಕಿದ್ದ ಹಾಗೆ, ಖರೇ ಹೇಳು, ಒಂದು ಸಲಾನೂ ಇಲ್ಲೇನು ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ. ಅವರು ನಂಬಲಿ ಎಂದು ನನಗೆ ಆಸೆ. ನಂಬುವ ದಿನ ಬಂದೀತೆಂದು ಹೆದರಿಕೆಯೂ ಹೌದು. ಹೋದ ವರ್ಷ ಮಕ್ಕಳನ್ನು ಕರೆದುಕೊಂಡು ಬಂದಿದ್ದ ಸೆಲಿನ್ ಎದುರಿಗೂ ಹಾಗೇ ಕೇಳಿದರು. ಅವಳಿಗೆ ರೇಗಿತು.

“ಅಪ್ಪ, ನಾನೂ ಆ ಮನಿಯಾಗ ಇದ್ದೆ. ನೀನು ಅಮ್ಮಗ ಒಂದು ಏಟೂ ಹೊಡದಿಲ್ಲ.”

ಅವರು ಮಗಳ ಮುಖವನ್ನು ನೋಡಿದರು, ನನ್ನ ಮುಖವನ್ನು ನೋಡಿದರು.

“ನಿಮ್ಮಮ್ಮ ಹೇಳಿಕೊಟ್ಟಾಳ,” ಎಂದು ಕೈ ತೊಳೆಯಲು ಎದ್ದರು.